ಕತ್ತು ನೋವು: ಎಳೆಯುವುದು ಕಡಿಮೆ, ಗದ್ದ ಹಿಂದೆ ಸರಿಸುವುದು ಹೆಚ್ಚು

ಕತ್ತು ಹಿಡಿದುಕೊಂಡಾಗ ಯಾರಿಗೇ ಆದರೂ ಮೊದಲು ತೋಚುವುದು ತಲೆಯನ್ನು ಪಕ್ಕಕ್ಕೆ ಜಗ್ಗಿ ಲಟಿಕೆ ತೆಗೆಯುವುದು. ನಾನು ಮೊದಲು ಬಿಟ್ಟದ್ದೇ ಅದನ್ನು. ಲಟಿಕೆ ಬಂದ ಮೇಲೆ ಹಾಯೆನಿಸುವುದು ಸ್ವಲ್ಪ ಹೊತ್ತು ಮಾತ್ರ, ಆಮೇಲೆ ಅದೇ ಬಿಗಿತ. ಬಹಳ ಸಲ ಅಲ್ಲಿನ ಸ್ನಾಯು ಗಿಡ್ಡವಾಗಿರುವುದಿಲ್ಲ, ದಣಿದಿರುತ್ತದೆ. ದೊಡ್ಡವರ ತಲೆ ಸುಮಾರು 4.5ರಿಂದ 5 ಕಿಲೊ ತೂಗುತ್ತದೆ. ಅದು ಹೆಗಲಿನ ನೇರಕ್ಕಿದ್ದರೆ ಕತ್ತಿನ 7 ಮೂಳೆಗಳು ಭಾರ ಹೊತ್ತುಕೊಳ್ಳುತ್ತವೆ. ಪರದೆಯ ಕಡೆಗೆ ಚಾಚಿಕೊಂಡರೆ ಹಿಂಗತ್ತಿನ ಸ್ನಾಯುಗಳೇ ಹಗ್ಗದ ಹಾಗೆ ಎಳೆದು ಹಿಡಿದಿರಬೇಕು, ಅದೂ ಗಂಟೆಗಟ್ಟಲೆ.

ಕೆಲವು ಲಕ್ಷಣಗಳಿದ್ದರೆ ಮುಂದೆ ಹೇಳುವ ಯಾವುದನ್ನೂ ಮಾಡಬಾರದು, ನೇರ ವೈದ್ಯರ ಹತ್ತಿರ ಹೋಗಬೇಕು: ಬಿದ್ದೋ ಅಪಘಾತವಾಗಿಯೋ ಬಂದ ನೋವು, ಜ್ವರದ ಜೊತೆಗಿನ ಬಿಗಿತ, ಹಿಂದೆಂದೂ ಇಲ್ಲದಂಥ ತಲೆನೋವು, ಕೈಯ ಬಲ ಕುಗ್ಗುವುದು, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡಿಗೆ ತಪ್ಪುವುದು, ಮೂತ್ರದ ಹಿಡಿತ ಹೋಗುವುದು.

ಇವು ಯಾವುವೂ ಇಲ್ಲದಿದ್ದರೆ 15 ನಿಮಿಷ ಬಿಸಿ ಶಾಖ. ಆಮೇಲೆ ಕುರ್ಚಿಯಲ್ಲಿ ಪಾದ ಊರಿ ಕೂತು ತಲೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ 10 ಸಲ ತಿರುಗಿಸುತ್ತೇನೆ. ನೋವು ಶುರುವಾಗುವ ಜಾಗಕ್ಕಿಂತ ಒಂದು ಬೆರಳಿನಷ್ಟು ಮೊದಲೇ ನಿಲ್ಲಬೇಕು. ನಾಲ್ಕೈದು ಸಲ ಆಗುವಷ್ಟರಲ್ಲಿ ಆ ಜಾಗ ತಾನೇ ಸ್ವಲ್ಪ ಮುಂದಕ್ಕೆ ಹೋಗಿರುತ್ತದೆ. ತಲೆಯನ್ನು ಗರಗರ ಸುತ್ತಿಸುವುದು ಬೇಡ. ಹಿಂದಕ್ಕೆ ಬಾಗಿಸಿಕೊಂಡೇ ತಿರುಗಿಸಿದಾಗ ಹಿಂಬದಿಯ ಸಣ್ಣ ಕೀಲುಗಳು ಒತ್ತಿಕೊಳ್ಳುತ್ತವೆ, ನೋವಿದ್ದಾಗ ಅದು ಕೆರಳಿಸುತ್ತದೆ.

ಸ್ಟ್ರೆಚ್ ಅಂತ ನಾನು ಮಾಡುವುದು ಮುಖ್ಯವಾಗಿ ಒಂದೇ. ಕತ್ತಿನ ಮೇಲಿನ 4 ಮೂಳೆಗಳಿಂದ ಇಳಿದು ಹೆಗಲಮೂಳೆಯ ಒಳ ಮೂಲೆಗೆ ಅಂಟಿಕೊಂಡಿರುವ ಸ್ನಾಯುವೊಂದಿದೆ. ‘ಇಲ್ಲೇ ಗಂಟು ಕಟ್ಟಿದೆ’ ಎಂದು ಬೆರಳಿಟ್ಟು ತೋರಿಸುವ ಜಾಗ ಸಾಮಾನ್ಯವಾಗಿ ಅದೇ. ಬಲಗಡೆ ನೋವಿದ್ದರೆ ಬಲಗೈಯಲ್ಲಿ ಕುರ್ಚಿಯ ಅಂಚನ್ನು ಕೆಳಗಿನಿಂದ ಹಿಡಿದುಕೊಳ್ಳಿ. ಮುಖವನ್ನು ಎಡಕ್ಕೆ ಅರ್ಧದಷ್ಟು ತಿರುಗಿಸಿ, ಮೂಗು ಎಡ ಕಂಕುಳ ಕಡೆಗೆ ಹೋಗುವಂತೆ ತಲೆ ಬಗ್ಗಿಸಿ. ಎಡಗೈ ತಲೆಯ ಹಿಂಭಾಗದ ಮೇಲೆ ಸುಮ್ಮನೆ ಇರಲಿ. ಕೈಯ ತೂಕವೇ ಸಾಕು, ಎಳೆಯಬೇಡಿ. 20ರಿಂದ 30 ಸೆಕೆಂಡು, 3 ಸಲ. ಸೆಳೆತ ಹಿಂಗತ್ತಿನಿಂದ ಹೆಗಲಮೂಳೆಯ ಮೂಲೆಗೆ ಇಳಿಯಬೇಕು. ಅದು ಕತ್ತಿನ ಪಕ್ಕದಿಂದ ಭುಜದ ತುದಿಗೆ ಓಡಿದರೆ ಮುಖ ಸಾಕಷ್ಟು ತಿರುಗಿಲ್ಲ. ಎಲ್ಲೂ ಏನೂ ಅನಿಸದಿದ್ದರೆ ಬಲ ಭುಜ ಗೊತ್ತಿಲ್ಲದೆ ಮೇಲೆದ್ದಿರುತ್ತದೆ. ಕುರ್ಚಿ ಹಿಡಿಯುವುದೇ ಅದನ್ನು ತಡೆಯಲಿಕ್ಕೆ.

ನನ್ನ ಲೆಕ್ಕದಲ್ಲಿ ನಿಜವಾದ ಕೆಲಸ ಮಾಡುವುದು ಮುಂದಿನದು, ನೋಡುವವರಿಗೆ ವ್ಯಾಯಾಮ ಅಂತಲೇ ಅನಿಸುವುದಿಲ್ಲ. ಅಂಗಾತ ಮಲಗಿ ಮಂಡಿ ಮಡಚಿ, ತಲೆಯ ಕೆಳಗೆ ತೆಳ್ಳಗೆ ಮಡಿಸಿದ ಟವೆಲ್ ಇಡಿ. ‘ಹೌದು’ ಎನ್ನುವಾಗ ತಲೆಯಾಡಿಸುವಷ್ಟೇ ಗದ್ದವನ್ನು ಒಳಕ್ಕೆ ತಂದು 5 ಸೆಕೆಂಡು ಹಿಡಿದು ಬಿಡಿ. 10 ಸಲ. ತಲೆ ಟವೆಲ್ ಬಿಟ್ಟು ಏಳಬಾರದು. ಗಂಟಲಿನ ಎರಡೂ ಪಕ್ಕ ಬೆರಳಿಟ್ಟುಕೊಂಡರೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಅಲ್ಲಿ ಹುರಿಯಂತೆ ಎರಡು ಸ್ನಾಯುಗಳು ಗಟ್ಟಿಯಾಗಿ ಎದ್ದರೆ ಬಲ ಜಾಸ್ತಿಯಾಯಿತು, ಒಳಗಿನ ಸಣ್ಣ ಸ್ನಾಯುಗಳ ಕೆಲಸವನ್ನು ಹೊರಗಿನವು ಕಸಿದುಕೊಂಡವು. ಅರ್ಧಕ್ಕಿಳಿಸಿ. ಒಂದೆರಡು ವಾರದಲ್ಲಿ ಇದು ಸಲೀಸಾದ ಮೇಲೆ ಕೂತುಕೊಂಡು ಮಾಡಬಹುದು. ಆಗ ಹೆಚ್ಚಿನವರು ಗದ್ದವನ್ನು ಎದೆಗೆ ತಾಗಿಸಲು ಹೋಗುತ್ತಾರೆ. ಅದಲ್ಲ, ನೋಟ ನೇರ ಮುಂದಕ್ಕಿರಬೇಕು, ಗದ್ದ ಮೇಜಿನ ಡ್ರಾಯರ್‌ನಂತೆ ಮಟ್ಟಸವಾಗಿ ಹಿಂದೆ ಸರಿಯಬೇಕು.

ಅಂಗೈಯನ್ನು ಹಣೆಗೆ, ಆಮೇಲೆ ತಲೆಯ ಹಿಂದಕ್ಕೆ, ಎರಡು ಪಕ್ಕಕ್ಕೆ ಇಟ್ಟು ತಲೆ ಕದಲದಂತೆ ಒತ್ತುವುದೂ ಒಳ್ಳೆಯದು: ಕಾಲು ಭಾಗ ಬಲ, 5 ಸೆಕೆಂಡು, ಒಂದೊಂದು ದಿಕ್ಕಿಗೆ 5 ಸಲ. ಉಸಿರು ಮಾತ್ರ ಕಟ್ಟಬಾರದು. ಕೊನೆಗೆ ಹೆಗಲಮೂಳೆಗಳೆರಡನ್ನೂ ಹಿಂದಕ್ಕೆ ತಂದು ತುಸು ಕೆಳಕ್ಕೆ ಇಳಿಸಿ 5 ಸೆಕೆಂಡು, 10 ಸಲ. ಭುಜ ಕಿವಿಯತ್ತ ಏರಿದರೆ ಆ ಸಲದ್ದು ಲೆಕ್ಕಕ್ಕಿಲ್ಲ.

ಇಷ್ಟೂ ದಿನಕ್ಕೆ ಎರಡು ಸಲ. ಮಾಡುವಾಗಿನ ಸಣ್ಣ ಸೆಳೆತಕ್ಕೆ ಹೆದರಬೇಕಿಲ್ಲ, ಮರುದಿನ ಬೆಳಿಗ್ಗೆ ಹೇಗಿದೆ ನೋಡಿ. ಹೆಚ್ಚಾಗಿದ್ದರೆ ಸಂಖ್ಯೆಯನ್ನು ಅರ್ಧ ಮಾಡಿ. ನೋವು ತೋಳಿಗೆ, ಬೆರಳಿಗೆ ಇಳಿಯುತ್ತಿದ್ದರೆ ಅಥವಾ ಜುಮ್ಮೆನ್ನುತ್ತಿದ್ದರೆ ನಿಲ್ಲಿಸಿ, ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿಕೊಳ್ಳಿ. ಬಿಗಿತ ಕೆಲವು ದಿನಗಳಲ್ಲೇ ಸಡಿಲವಾಗಬಹುದು, ಆದರೆ ಬಲ ಬರಲು ವಾರಗಟ್ಟಲೆ ಬೇಕು. ಹೆಚ್ಚಿನವರು ಬಿಡುವುದು ಈ ಎರಡರ ನಡುವೆಯೇ.

ರಾತ್ರಿಯದ್ದನ್ನೂ ಸರಿಮಾಡಿಕೊಳ್ಳದಿದ್ದರೆ ಬೆಳಿಗ್ಗೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಮಗ್ಗುಲಾಗಿ ಮಲಗುವವರ ದಿಂಬು ಭುಜದ ತುದಿಗೂ ಕಿವಿಗೂ ನಡುವಿನ ಜಾಗ ತುಂಬುವಷ್ಟು ಎತ್ತರ ಇರಬೇಕು, ಅಂಗಾತ ಮಲಗುವವರದ್ದು ಅದಕ್ಕಿಂತ ತೆಳ್ಳಗೆ. ಬೋರಲು ಮಲಗಿದರೆ ಕತ್ತು ಗಂಟೆಗಟ್ಟಲೆ ಒಂದೇ ಕಡೆಗೆ ತಿರುಗಿರುತ್ತದೆ, ಅದಕ್ಕೆ ಯಾವ ದಿಂಬೂ ಪರಿಹಾರವಲ್ಲ.