ಬಾಣ ಮೇಲಕ್ಕಿತ್ತು, ನಾನೂ ಮೇಲಕ್ಕೆ ಹೋದೆ

ಅಮ್ಮನ ಮಂಡಿಯ ಸ್ಕ್ಯಾನ್ ಮಾಡಿಸಲು ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿದ್ದೆವು. ಒಳಗೆ ಕಾಲಿಟ್ಟ ಕೂಡಲೇ ತಲೆಯ ಮೇಲೆ ತೂಗುತ್ತಿದ್ದ ಫಲಕದಲ್ಲಿ ‘ಸ್ಕ್ಯಾನಿಂಗ್ ವಿಭಾಗ’ ಎಂದಿತ್ತು. ಪಕ್ಕದಲ್ಲೊಂದು ಮೇಲ್ಮುಖ ಬಾಣ. ಬಾಣ ಮೇಲಕ್ಕಿದೆ ಎಂದ ಮೇಲೆ ವಿಭಾಗವೂ ಮೇಲಿನ ಮಹಡಿಯಲ್ಲೇ ಇರಬೇಕು ಎಂದುಕೊಂಡೆ. ಲಿಫ್ಟಿನ ಮುಂದೆ ಜನ ಕಿಕ್ಕಿರಿದಿದ್ದರು. ‘ಒಂದೇ ಮಹಡಿ ಅಮ್ಮಾ, ನಿಧಾನವಾಗಿ ಹತ್ತೋಣ’ ಎಂದು ಮಂಡಿನೋವಿನ ಹೆಂಗಸನ್ನು ಮೆಟ್ಟಿಲು ಹತ್ತಿಸಿದೆ. ಮೇಲೆ ಹೋಗಿ ನೋಡಿದರೆ ಹೆರಿಗೆ ವಾರ್ಡು. ‘ಕೆಳಗೇ ಇದೆ, ನೇರ ಹೋಗಬೇಕಿತ್ತು’ ಎಂದರು ಅಲ್ಲಿದ್ದ ನರ್ಸ್.

ಇಳಿಯುವಾಗ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರುತ್ತ ಅಮ್ಮ ಕೇಳಿದರು: ‘ನೀನು ಬೋರ್ಡು ಓದಿಕೊಂಡೇ ಕರೆತಂದೆಯಲ್ಲ?’ ಅದರಲ್ಲಿ ಕೊಂಕಿರಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ್ದರು. ಅಮ್ಮನಿಗೆ ಅಕ್ಷರ ಬಾರದು. ಅಕ್ಷರ ಬಂದವರಿಗೆ ದಾರಿ ತಪ್ಪುವುದಿಲ್ಲ ಎಂದು ಅವರು ಅಷ್ಟು ವರ್ಷ ನಂಬಿಕೊಂಡಿದ್ದರು.

ಗೋಡೆಯ ಮೇಲಿನ ಅಥವಾ ತೂಗುಹಾಕಿದ ಫಲಕದಲ್ಲಿ ಮೇಲ್ಮುಖ ಬಾಣವೆಂದರೆ ಸಾಮಾನ್ಯವಾಗಿ ‘ನೇರ ಮುಂದೆ’ ಎಂದರ್ಥ. ಮೆಟ್ಟಿಲು ಹತ್ತಬೇಕಿದ್ದರೆ ಬಾಣ ಓರೆಯಾಗಿ ಮೇಲಕ್ಕೆ ತಿರುಗಿರುತ್ತದೆ, ಇಲ್ಲವೇ ಮೆಟ್ಟಿಲಿನ ಚಿತ್ರವೂ ಜೊತೆಗಿರುತ್ತದೆ. ಹೆದ್ದಾರಿಯ ಮೇಲೆ ತೂಗುವ ದೊಡ್ಡ ಫಲಕದಲ್ಲಿ ಕೆಳಮುಖ ಬಾಣ ಕಂಡರೆ ‘ಈ ಊರಿಗೆ ಈ ಪಥ’ ಎಂದು, ನೆಲದಡಿಗೆ ಇಳಿಯಿರಿ ಎಂದಲ್ಲ. ನಿಂತಿರುವ ಹಲಗೆಯ ಮೇಲೆ ‘ಮುಂದೆ’ ಎಂಬುದನ್ನು ಬರೆಯಲು ಬೇರೆ ದಾರಿಯಿಲ್ಲ, ಆದ್ದರಿಂದ ಮೇಲಕ್ಕೆ ಬರೆಯುತ್ತಾರೆ. ಇಷ್ಟನ್ನು ಯಾವ ಶಾಲೆಯಲ್ಲೂ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಂದಿನಿಂದ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆ. ಕಂಡ ತಕ್ಷಣ ಅರ್ಥವಾಗದ ಫಲಕವನ್ನು ಅದರಲ್ಲಿ ಚಿತ್ರಿಸಿಕೊಳ್ಳುವುದು, ನನ್ನ ಊಹೆಯನ್ನು ಕೆಳಗೆ ಬರೆಯುವುದು, ಮನೆಗೆ ಬಂದು ತಾಳೆ ನೋಡುವುದು. ಸುಮಾರು ಎರಡು ವರ್ಷ ಹೀಗೆ ಮಾಡಿದೆ. ನನ್ನ ಚಿತ್ರಗಳು ನೋಡುವಂತಿರಲಿಲ್ಲ, ಊಹೆಗಳು ಅದಕ್ಕಿಂತ ಕಳಪೆ.

ನೋಟ್‌ಬುಕ್ ಮೊದಲು ಕಲಿಸಿದ್ದು ಅಕ್ಷರಕ್ಕಿಂತ ಮುಂಚೆ ಆಕಾರ ನೋಡುವುದನ್ನು. 1909ರಲ್ಲಿ ಪ್ಯಾರಿಸ್‌ನಲ್ಲಿ ಕೆಲವು ದೇಶಗಳು ಸೇರಿ ಮೋಟಾರು ವಾಹನಗಳ ಬಗ್ಗೆ ಒಪ್ಪಂದ ಮಾಡಿಕೊಂಡಾಗ ಒಪ್ಪಿದ್ದು ನಾಲ್ಕೇ ನಾಲ್ಕು ಎಚ್ಚರಿಕೆಯ ಚಿಹ್ನೆಗಳನ್ನು: ರಸ್ತೆಯ ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲು ದಾಟು. ಈಗ ಜಗತ್ತಿನ ಬಹುಭಾಗ ಅನುಸರಿಸುವುದು 1968ರ ವಿಯೆನ್ನಾ ಒಪ್ಪಂದದ ವ್ಯಾಕರಣವನ್ನು. ತ್ರಿಕೋನ ಕಂಡರೆ ಎಚ್ಚರಿಕೆ. ಕೆಲವು ದೇಶಗಳಲ್ಲಿ ಅದರ ಬದಲು ಹಳದಿ ವಜ್ರಾಕೃತಿ. ಕೆಂಪು ಅಂಚಿನ ವೃತ್ತ ಬೇಡ ಎನ್ನುತ್ತದೆ, ತುಂಬಿದ ನೀಲಿ ವೃತ್ತ ಮಾಡಲೇಬೇಕು ಎನ್ನುತ್ತದೆ. ಕಟ್ಟಡಗಳ ಮತ್ತು ಕಾರ್ಖಾನೆಗಳ ಒಳಗಿನ ಸುರಕ್ಷತಾ ಚಿಹ್ನೆಗಳೂ ಇದೇ ಮನೆತನದವು: ಹಳದಿ ತ್ರಿಕೋನ ಅಪಾಯಕ್ಕೆ, ಅಡ್ಡಗೆರೆ ಎಳೆದ ಕೆಂಪು ವೃತ್ತ ನಿಷೇಧಕ್ಕೆ, ನೀಲಿ ವೃತ್ತ ಕಡ್ಡಾಯಕ್ಕೆ, ಹಸಿರು ಆಯತ ಪಾರಾಗುವ ದಾರಿಗೆ, ಕೆಂಪು ಚೌಕ ಬೆಂಕಿ ಆರಿಸುವ ಸಾಧನಕ್ಕೆ. ಇದನ್ನು ಅಮ್ಮನಿಗೆ ಒಂದು ಸಂಜೆ ಹೇಳಿದೆ. ಮರುದಿನ ಕೇಳಿದರೆ ಅವರಿಗೆ ಎಲ್ಲವೂ ನೆನಪಿತ್ತು, ಹೇಳಿಕೊಟ್ಟ ನಾನೇ ನೀಲಿಯನ್ನು ಮರೆತಿದ್ದೆ.

ವ್ಯಾಕರಣ ಗೊತ್ತಿದ್ದರೂ ತಪ್ಪುವುದಿದೆ. ಒಮ್ಮೆ ಬೇರೆ ದೇಶದಲ್ಲಿ ಬಾಡಿಗೆ ಸೈಕಲ್ ತುಳಿಯುತ್ತ ಹೋಗುತ್ತಿದ್ದೆ. ಬೀದಿಯ ಬಾಯಲ್ಲಿ ಕೆಂಪು ಉಂಗುರ, ಒಳಗೆ ಸೈಕಲ್ಲಿನ ಚಿತ್ರ, ಅಡ್ಡಗೆರೆ ಮಾತ್ರ ಇಲ್ಲ. ಗೆರೆ ಇಲ್ಲವೆಂದರೆ ಇದು ಸೈಕಲ್ಲಿನ ದಾರಿಯೇ ಎಂದುಕೊಂಡು ಉತ್ಸಾಹದಿಂದ ನುಗ್ಗಿದೆ. ಎದುರಿಗೆ ಬಂದ ಹಿರಿಯರೊಬ್ಬರು ಊರುಗೋಲನ್ನೇ ಎತ್ತಿ ನನ್ನನ್ನು ತಡೆದರು. ನಿಷೇಧ ಹೇಳುವುದು ಉಂಗುರ. ಅಡ್ಡಗೆರೆಯನ್ನು ಕೆಲವು ದೇಶಗಳು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಸೈಕಲ್ಲಿಗೆಂದೇ ಇರುವ ದಾರಿಯಾಗಿದ್ದರೆ ಅದೇ ಚಿತ್ರ ನೀಲಿ ವೃತ್ತದೊಳಗೆ ಬಿಳಿಯಾಗಿ ಇರುತ್ತಿತ್ತು. ಆ ಭಾಷೆಯ ಒಂದು ಪದವೂ ನನಗೆ ಗೊತ್ತಿರಲಿಲ್ಲ, ಆದರೆ ಅವತ್ತು ಬೇಕಾಗಿದ್ದದ್ದು ಭಾಷೆಯಲ್ಲ, ಬಣ್ಣ.

ಎಂಟು ಮೂಲೆಯ ‘ನಿಲ್ಲಿ’ ಫಲಕದ ಮೇಲೆ ನನಗೆ ವಿಶೇಷ ಅಭಿಮಾನ. ಅದರ ಆಕಾರ ಬೇರೆ ಯಾವ ಫಲಕಕ್ಕೂ ಇಲ್ಲದ ಕಾರಣ ಹಿಂಬದಿಯಿಂದ ನೋಡಿದರೂ ಗುರುತು ಸಿಗುತ್ತದೆ. ಅಡ್ಡರಸ್ತೆಯಲ್ಲಿ ನಿಂತಾಗ ಎದುರಿನವನಿಗೆ ನಿಲ್ಲಬೇಕೆಂಬ ಆಜ್ಞೆ ಇದೆಯೇ ಎಂದು ಅವನ ಫಲಕದ ಬೆನ್ನು ನೋಡಿಯೇ ತಿಳಿದುಕೊಳ್ಳಬಹುದು. ತುದಿ ಕೆಳಗಾದ ತ್ರಿಕೋನವೂ ಹಾಗೆಯೇ, ‘ದಾರಿ ಬಿಡಿ’ ಎಂಬುದಕ್ಕೆ ಮೀಸಲು. ಎದುರಿನವನು ನಿಲ್ಲುತ್ತಾನೆಂದು ನಂಬಿ ನುಗ್ಗುವುದು ಬೇರೆ ವಿಷಯ, ಅದನ್ನು ನಾನು ಮಾಡುವುದಿಲ್ಲ.

ದಂಡ ತೆತ್ತು ಕಲಿತದ್ದು ಇನ್ನೊಂದು ಪಾಠ. ವಾಹನ ನಿಲುಗಡೆ ನಿಷೇಧದ ಫಲಕದಿಂದ ಸಾಕಷ್ಟು ದೂರ ಗಾಡಿ ನಿಲ್ಲಿಸಿ ನಿಶ್ಚಿಂತೆಯಿಂದ ಹೋಗಿದ್ದೆ. ಬಂದು ನೋಡಿದರೆ ಚೀಟಿ ಅಂಟಿಸಿದ್ದರು. ಫಲಕದ ಕೆಳಗೆ ಅಂಗೈ ಅಗಲದ ಇನ್ನೊಂದು ಪಟ್ಟಿಯಿತ್ತು, ಅದರಲ್ಲಿ ಎರಡೂ ಕಡೆಗೆ ಬಾಣಗಳು ಮತ್ತು ವೇಳೆ. ನಿಷೇಧ ಫಲಕದ ಬುಡಕ್ಕೆ ಮಾತ್ರವಲ್ಲ, ಬಾಣ ಹೋದಷ್ಟು ಉದ್ದಕ್ಕೂ ಇತ್ತು. ಫಲಕದ ಮುಂದೆ ನಿಂತು ದೊಡ್ಡ ಚಿತ್ರವನ್ನು ನೋಡಿದ್ದೆ, ಸಣ್ಣ ಪಟ್ಟಿಯನ್ನು ಅಲಂಕಾರ ಎಂಬಂತೆ ಬಿಟ್ಟಿದ್ದೆ. ಈಗ ಯಾವುದೇ ಫಲಕವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಇದು ಯಾರಿಗೆ, ಎಲ್ಲಿಂದ ಎಲ್ಲಿಯವರೆಗೆ, ಯಾವ ಹೊತ್ತಿಗೆ, ಯಾರನ್ನು ಹೊರತುಪಡಿಸಿ ಎಂಬುದೆಲ್ಲ ಇರುವುದು ಆ ಪಟ್ಟಿಯಲ್ಲೇ. ವೇಗಮಿತಿಗೂ ಶುರು ಮತ್ತು ಕೊನೆ ಇರುತ್ತವೆ. ಬಿಳಿ ವೃತ್ತದ ಮೇಲೆ ಓರೆಯಾದ ಕಪ್ಪು ಗೆರೆ ಬಂದರೆ ಹಿಂದಿನ ನಿರ್ಬಂಧ ಅಲ್ಲಿಗೆ ಮುಗಿಯಿತು.

‘ನೀವು ಇಲ್ಲಿದ್ದೀರಿ’ ಎಂದು ಕೆಂಪು ಚುಕ್ಕೆ ಇಟ್ಟ ನಕ್ಷೆಗಳು ನನಗೆ ಬಹುಕಾಲ ಶತ್ರುಗಳಾಗಿದ್ದವು. ಚುಕ್ಕೆ ಕಾಣುತ್ತದೆ, ಹೋಗಬೇಕಾದ ಜಾಗವೂ ಕಾಣುತ್ತದೆ, ಆದರೂ ಹೊರಟರೆ ಉಲ್ಟಾ ದಿಕ್ಕು. ನಕ್ಷೆಯಲ್ಲಿ ಮೇಲಿರುವುದು ನನ್ನ ಎದುರಿಗಿರಬೇಕು, ಬಲಕ್ಕಿರುವುದು ನನ್ನ ಬಲಕ್ಕಿರಬೇಕು. ಗೋಡೆಯ ಮೇಲೆ ಬೇರೆ ರೀತಿ ತಿರುಗಿಸಿ ಹಚ್ಚಿದರೆ ನೋಡುವವರು ದಾರಿ ತಪ್ಪುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಮಾರ್ವಿನ್ ಲೆವಿನ್ 1980ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಅದನ್ನು ಓದಿದ ದಿನ ಅರ್ಧ ತಪ್ಪು ನನ್ನದಲ್ಲ ಎಂದು ಸಮಾಧಾನವಾಯಿತು. ಈಗ ನಕ್ಷೆಯ ಮುಂದೆ ನಿಂತಾಗ ಮೊದಲು ಕಣ್ಣಿಗೆ ಕಾಣುವ ಎರಡು ವಸ್ತುಗಳನ್ನು, ಉದಾಹರಣೆಗೆ ಮುಖ್ಯದ್ವಾರ ಮತ್ತು ಲಿಫ್ಟನ್ನು, ನಕ್ಷೆಯಲ್ಲಿ ಹುಡುಕುತ್ತೇನೆ. ಅವು ಹೊಂದದಿದ್ದರೆ ಮೊಬೈಲ್‌ನಲ್ಲಿ ಫೋಟೊ ತೆಗೆದು, ಹೊಂದುವ ತನಕ ಮೊಬೈಲನ್ನೇ ತಿರುಗಿಸುತ್ತೇನೆ. ನೋಡುವವರು ನಗಬಹುದು, ಆದರೆ ತಲೆಯೊಳಗೆ ನಕ್ಷೆ ತಿರುಗಿಸುವವರಿಗಿಂತ ನಾನೇ ಬೇಗ ತಲುಪುತ್ತೇನೆ.

ಫಲಕವೇ ಇಲ್ಲದ ಕಡೆ ಕೇಳಲೇಬೇಕು. ಕೇಳುವುದಕ್ಕೂ ಒಂದು ಕ್ರಮ ಬೇಕೆಂದು ತಡವಾಗಿ ತಿಳಿಯಿತು. ‘ಹೀಗೆ ಹೋದರೆ ಅಲ್ಲಿಗೆ ಹೋಗಬಹುದಾ?’ ಎಂದು ಕೇಳಿದರೆ ಎಷ್ಟೋ ಜನ ಮರ್ಯಾದೆಗಾಗಿ ಹೌದು ಎಂದುಬಿಡುತ್ತಾರೆ. ‘ಅಲ್ಲಿಗೆ ಹೇಗೆ ಹೋಗಬೇಕು?’ ಎಂದರೆ ಯೋಚಿಸುತ್ತಾರೆ. ಅವರು ಹೇಳಿದ್ದನ್ನು ಅವರ ಮುಂದೆಯೇ ಒಮ್ಮೆ ಒಪ್ಪಿಸುತ್ತೇನೆ; ಬಾಯಲ್ಲಿ ಬಲ ಎನ್ನುತ್ತ ಕೈಯಲ್ಲಿ ಎಡ ತೋರಿಸುವವರು ಆಗ ಸಿಕ್ಕಿಬೀಳುತ್ತಾರೆ. ಬಾಯಿಗೂ ಕೈಗೂ ಜಗಳವಾದರೆ ನಾನು ನಂಬುವುದು ಕೈಯನ್ನು. ಕೊನೆಗೆ ಒಂದು ಪ್ರಶ್ನೆ: ‘ಏನು ಕಂಡರೆ ದಾಟಿ ಮುಂದೆ ಹೋಗಿಬಿಟ್ಟೆ ಎಂದು ತಿಳಿಯಬೇಕು?’ ಇದನ್ನು ಕೇಳಿದಾಗ ಎಲ್ಲರೂ ಒಂದು ಕ್ಷಣ ತಡೆಯುತ್ತಾರೆ, ಆಮೇಲೆ ಹೇಳುವ ಉತ್ತರ ಸಾಮಾನ್ಯವಾಗಿ ಖಚಿತವಾಗಿರುತ್ತದೆ.

ನಾಚಿಕೆಯ ಸಂಗತಿಯೊಂದನ್ನು ಬರೆಯದೆ ಬಿಡುವಂತಿಲ್ಲ. ರೈಲು ನಿಲ್ದಾಣಗಳಲ್ಲಿ, ಕಾಲುದಾರಿಗಳಲ್ಲಿ ಹಳದಿ ಉಬ್ಬುಗೆರೆಗಳ ಹಾಸುಕಲ್ಲು ಇರುತ್ತದೆಯಲ್ಲ, ಅದನ್ನು ನಾನು ವರ್ಷಗಟ್ಟಲೆ ಜಾರದಿರಲೆಂದು ಹಾಕಿದ್ದೆಂದೇ ತಿಳಿದಿದ್ದೆ. ಅದರ ಮೇಲೆಯೇ ಸೂಟ್‌ಕೇಸ್ ಇಟ್ಟು ಕೂರುತ್ತಿದ್ದೆ. ಜಪಾನಿನ ಸೇಯಿಚಿ ಮಿಯಾಕೆ ದೃಷ್ಟಿಯಿಲ್ಲದವರಿಗಾಗಿ ರೂಪಿಸಿದ ಆ ಹಾಸುಕಲ್ಲನ್ನು ಮೊದಲು ನೆಲಕ್ಕೆ ಹಾಸಿದ್ದು 1967ರಲ್ಲಿ, ಒಕಯಾಮಾ ನಗರದಲ್ಲಿ. ಉದ್ದ ಗೆರೆಗಳಿದ್ದರೆ ‘ಹೀಗೇ ನಡೆಯಿರಿ’, ಗುಂಡು ಚುಕ್ಕೆಗಳಿದ್ದರೆ ‘ನಿಲ್ಲಿ, ಮುಂದೆ ಅಂಚೋ ತಿರುವೋ ಇದೆ’. ಅದು ಓದಲು ಇಟ್ಟ ಫಲಕವೇ, ಪಾದದಿಂದ ಓದುವಂಥದ್ದು. ನಾನು ಅದರ ಮೇಲೆ ಪೆಟ್ಟಿಗೆ ಹೇರಿಕೊಂಡು ಕುಳಿತಿದ್ದೆ.

ಹಾಗೆಂದು ಎಲ್ಲ ಫಲಕಗಳಿಗೂ ತಲೆಬಾಗುತ್ತೇನೆ ಎಂದಲ್ಲ. ‘ನೆಲ ಒದ್ದೆಯಾಗಿದೆ’ ಎಂಬ ಹಳದಿ ಹಲಗೆಯನ್ನು ಒಣನೆಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ, ನಿಜವಾಗಿ ಒದ್ದೆಯಾದ ದಿನ ಯಾರೂ ಅದನ್ನು ನೋಡುವುದಿಲ್ಲ. ಒಂದೇ ಬಾಗಿಲಿಗೆ ಏಳು ಸೂಚನೆ ಅಂಟಿಸುವವರ ಮೇಲೂ ನನಗೆ ಸಿಟ್ಟಿದೆ. ಹಿಡಿಯಿರುವ ಬಾಗಿಲನ್ನು ಕೈ ತಾನಾಗಿ ಎಳೆಯುತ್ತದೆ. ಅದರ ಮೇಲೆ ‘ನೂಕಿ’ ಎಂದು ಬರೆಯಬೇಕಾಗಿ ಬಂದರೆ ತಪ್ಪು ಬಾಗಿಲಿನದೇ.

ಕಳೆದ ಬಾರಿ ಅಮ್ಮನೊಂದಿಗೆ ಅದೇ ಆಸ್ಪತ್ರೆಗೆ ಹೋದಾಗ ಫಲಕಗಳನ್ನೆಲ್ಲ ಬದಲಿಸಿದ್ದರು. ನಾನು ಕತ್ತೆತ್ತಿ ಕೆಳಗಿನ ಪಟ್ಟಿಯಿಂದ ಓದಲು ಶುರುಮಾಡಿದೆ. ಓದಿ ತಿರುಗುವಷ್ಟರಲ್ಲಿ ಅಮ್ಮ ಪಕ್ಕದಲ್ಲಿರಲಿಲ್ಲ. ಅಷ್ಟು ದೂರದಲ್ಲಿ ಕಾವಲುಗಾರನ ಮುಂದೆ ನಿಂತು, ಅವನು ತೋರಿಸಿದ ಕಡೆಗೇ ತಾವೂ ಕೈ ಚಾಚಿ, ‘ಸರಿ ಅಪ್ಪಾ, ಏನು ಕಂಡರೆ ದಾಟಿ ಹೋದೆ ಎಂದು ತಿಳಿಯಲಿ?’ ಎಂದು ಕೇಳುತ್ತಿದ್ದರು. ಅವನು ತಲೆ ಕೆರೆದುಕೊಂಡು ಹೇಳಿದ: ‘ಔಷಧಿ ಕೊಡುವ ಕಿಟಕಿ ಕಂಡರೆ ವಾಪಸು ಬನ್ನಿ ಅಮ್ಮಾ.’