ನಮ್ಮ ಸ್ಲ್ಯಾಬಿಗೆ ಸಾಮಾನಿನ ಲೆಕ್ಕ ಹಾಕಿದ್ದು ಹೀಗೆ

ಗೋಡೆ ಕಟ್ಟುವಾಗ ಸಿಮೆಂಟ್ ಮುಗಿದರೆ ನಾಳೆ ತಂದು ಮುಂದುವರಿಸಬಹುದು. ಸ್ಲ್ಯಾಬ್ ಹಾಗಲ್ಲ. ಅರ್ಧಕ್ಕೆ ನಿಲ್ಲಿಸಿ, ಹಾಕಿದ ಕಾಂಕ್ರೀಟ್ ಬಿಗಿದ ಮೇಲೆ ಮತ್ತೆ ಶುರು ಮಾಡಿದರೆ ಹಳೇದು ಹೊಸದು ಸರಿಯಾಗಿ ಕೂಡುವುದಿಲ್ಲ. ಮಳೆಗಾಲದಲ್ಲಿ ಅದೇ ಗೆರೆಯಿಂದ ನೀರು ಇಳಿಯುತ್ತದೆ. ಕಲಬುರಗಿ ಹತ್ತಿರದ ನಮ್ಮೂರಲ್ಲಿ ಹಳೇ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿಸಲು ಹೊರಟಾಗ, ಲೆಕ್ಕಕ್ಕೆ ನಾನೇ ಕೂತದ್ದು ಇದೇ ಕಾರಣಕ್ಕೆ.

ಮನೆಯ ಹೊರ ಅಳತೆ 20 ಅಡಿಗೆ 25 ಅಡಿ, ಅಂದರೆ 500 ಚದರಡಿ. ನಮ್ಮ ಗೌಂಡಿ (ಮೇಸ್ತ್ರಿ) ಕಾಕಾ ಒಂದೇ ಮಾತಲ್ಲಿ ಹೇಳಿದರು: "ನೂರು ಫೂಟಿಗೆ ಹತ್ತು ಚೀಲ ಹಿಡೀರಿ, ಐವತ್ತು ಸಾಕಾಗ್ತದ." ಕಾಕಾ ಹೇಳಿದ ಲೆಕ್ಕ ತಪ್ಪಲ್ಲ. ಆದರೆ ಅದನ್ನು ಯಾವ ಅಳತೆಗೆ ಹಚ್ಚುತ್ತೇವೆ ಅನ್ನುವುದು ಮುಖ್ಯ. ಸ್ಲ್ಯಾಬ್ ಗೋಡೆಗಿಂತ ನಾಲ್ಕೂ ಕಡೆ ಒಂದೊಂದು ಅಡಿ ಹೊರಗೆ ಬರುತ್ತದೆ. ಟೇಪು ಹಿಡಿದು ಸೆಂಟ್ರಿಂಗ್ (ಕಾಂಕ್ರೀಟಿಗೆ ಆಸರೆಯಾಗಿ ಕಟ್ಟಿದ ಹಲಗೆ) ಮೇಲೆಯೇ ಅಳೆದೆ. 22 ಅಡಿಗೆ 27 ಅಡಿ, ಅಂದರೆ 594 ಚದರಡಿ. ನೆಲದ ಅಳತೆಗೂ ಇದಕ್ಕೂ 94 ಚದರಡಿ ಫರಕು. ಇದರ ಮೇಲೆ ಬೀಮುಗಳು ಬೇರೆ.

ದಪ್ಪ 5 ಇಂಚು. 594ನ್ನು 5ರಿಂದ ಗುಣಿಸಿ 12ರಿಂದ ಭಾಗಿಸಿದರೆ 247 ಘನ ಅಡಿ. ಎರಡು ಬೀಮು, ಒಂದೊಂದು 20 ಅಡಿ ಉದ್ದ, 9 ಇಂಚು ಅಗಲ, ಸ್ಲ್ಯಾಬಿನ ಕೆಳಗೆ 10 ಇಂಚು ಇಳಿದಿವೆ. ಅವೆರಡೂ ಸೇರಿ 25. ಒಟ್ಟು 272 ಘನ ಅಡಿ ಕಾಂಕ್ರೀಟ್.

ಒಣ ಸಾಮಾನು ನೀರು ಕಂಡು ಕುಗ್ಗುತ್ತದೆ, ಖಡಿಯ (ಜಲ್ಲಿಕಲ್ಲಿನ) ಸಂದಿಗೆ ಉಸುಕು ಇಳಿಯುತ್ತದೆ. ಹಾಗಾಗಿ 272ನ್ನು 1.54ರಿಂದ ಗುಣಿಸಬೇಕು. ಸುಮಾರು 419 ಘನ ಅಡಿ ಒಣ ಸಾಮಾನು ಬೇಕಾಯಿತು. ನಮ್ಮದು ಒಂದು ಪಾಲು ಸಿಮೆಂಟಿಗೆ ಒಂದೂವರೆ ಉಸುಕು, ಮೂರು ಖಡಿ. ಒಟ್ಟು ಐದೂವರೆ ಪಾಲು. 50 ಕೆಜಿಯ ಚೀಲದಲ್ಲಿ ಸುಮಾರು 1.23 ಘನ ಅಡಿ ಸಿಮೆಂಟ್ ಇರುತ್ತದೆ. ಲೆಕ್ಕ ಬಂದದ್ದು 62 ಚೀಲ. ಉಸುಕು 114 ಘನ ಅಡಿ, ಖಡಿ 229. ಕಾಕಾ ಹೇಳಿದ್ದನ್ನೇ 594ಕ್ಕೆ ಹಚ್ಚಿ ಬೀಮು ಸೇರಿಸಿ ನೋಡಿ, ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ನಾನು 65 ಚೀಲ ತರಿಸಿದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಮ್ಮ ಪಕ್ಕದಲ್ಲೇ ಇವೆ, ಸಿಮೆಂಟಿಗೆ ಬರ ಇಲ್ಲ. ತಿಂಗಳುಗಟ್ಟಲೆ ಮೊದಲೇ ತಂದು ಇಡುವ ಅಗತ್ಯವಿಲ್ಲ, ಇಟ್ಟಷ್ಟೂ ಅದರ ಕಸುವು ಇಳಿಯುತ್ತದೆ.

ಉಸುಕಿನಲ್ಲಿ ಜಾಸ್ತಿ ಹುಷಾರಾಗಿರಬೇಕು. ಸ್ವಲ್ಪ ಹಸಿ ಇದ್ದ ಉಸುಕು ಉಬ್ಬುತ್ತದೆ. ಕಾಲುಭಾಗದಷ್ಟು ಹೆಚ್ಚು ಕಾಣುವುದೂ ಉಂಟು. ಹಸಿ ಉಸುಕು ಅಳೆದು ಕೊಂಡರೆ ಒಣಗಿದ ಮೇಲೆ ಕಡಿಮೆ ಬೀಳುತ್ತದೆ. ಅದಕ್ಕೇ 114ರ ಬದಲು ಒಂದೂವರೆ ಬ್ರಾಸ್, ಅಂದರೆ 150 ಘನ ಅಡಿ ಹೇಳಿದೆ. ಖಡಿ ಎರಡೂವರೆ ಬ್ರಾಸ್. ಒಂದು ಬ್ರಾಸ್ ಅಂತ ಬಂದ ಟ್ರಾಲಿಯನ್ನು ಇಳಿಸುವ ಮೊದಲು ಟೇಪಿನಿಂದ ಅಳೆಯಿರಿ. ಉದ್ದ 10, ಅಗಲ 6, ಮಟ್ಟ ಮಾಡಿದ ಎತ್ತರ ಒಂದೂವರೆ ಅಡಿ ಇದ್ದರೆ ಅದು 90 ಘನ ಅಡಿ, ನೂರಲ್ಲ. ಮೇಲಿನ ಗುಡ್ಡೆ ನೋಡಿ ಒಪ್ಪಬೇಡಿ. ಇದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ, ದುಡ್ಡು ನಮ್ಮದು ಅಲ್ವಾ.

ರಾಡಿನ ಲೆಕ್ಕ ನನಗೆ ಬಹಳ ಹಿಡಿಸಿತು. ಎಂಜಿನಿಯರ್ ನಕ್ಷೆಯಲ್ಲಿ 10 ಎಂಎಂ ರಾಡು 6 ಇಂಚಿಗೊಂದು ಅಂತ ಇತ್ತು. 22 ಅಡಿ ಅಗಲಕ್ಕೆ 45 ರಾಡು, ಒಂದೊಂದು 27 ಅಡಿ. ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಸಿಗುತ್ತದೆ. 10 ಎಂಎಂಗೆ 0.617 ಕೆಜಿ. ಆ ಪ್ರಕಾರ 228 ಕೆಜಿ ಸಾಕು. ಆದರೆ ಅಂಗಡಿಯಲ್ಲಿ ರಾಡು ಸಿಗುವುದು 12 ಮೀಟರ್ ಉದ್ದದಲ್ಲಿ, ಅಂದರೆ 39 ಅಡಿ. 27 ಕತ್ತರಿಸಿದರೆ 12 ಅಡಿ ಉಳಿಯುತ್ತದೆ. 45 ಇಡೀ ರಾಡು ಕೊಂಡರೆ 333 ಕೆಜಿ. ಉಳಿದದ್ದು ಸುಮ್ನೆ ಹಾಳಾಯಿತೇ? ಇಲ್ಲ. ಬೀಮಿನ ಮೇಲೆ, ಸ್ಲ್ಯಾಬಿನ ಮೇಲ್ಭಾಗದಲ್ಲಿ ಆರಾರು ಅಡಿಯ ತುಂಡು ಬೇಕಿತ್ತು, ಒಂದು ಬೀಮಿಗೆ 45, ಎರಡಕ್ಕೆ 90. ಉಳಿದ 12 ಅಡಿಯನ್ನು ಎರಡು ಮಾಡಿದರೆ ಸರಿಯಾಗಿ 90 ತುಂಡು! ಕತ್ತರಿಸುವ ಮುಂಚೆ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಟ್ಟುಕೊಳ್ಳಿ. ಅಡ್ಡ ರಾಡು, ಬೀಮಿನ ರಾಡು ಇದೇ ರೀತಿ ಎಣಿಸಿದೆ. ಬೈಂಡಿಂಗ್ ತಂತಿ ಟನ್ನಿಗೆ 8ರಿಂದ 10 ಕೆಜಿ ಹಿಡಿದರೆ ಸಾಕು.

ಕಾಂಕ್ರೀಟ್ ಹಾಕುವ ಮೊದಲು ದಾರ ಕಟ್ಟಿ ಸೆಂಟ್ರಿಂಗಿನ ಮಟ್ಟ ನೋಡಿದೆವು. ಹಲಗೆ ಎಲ್ಲಾ ಕಡೆ ಅರ್ಧ ಇಂಚು ತಗ್ಗಿದ್ದರೆ ಐದಾರು ಚೀಲ ಸಿಮೆಂಟ್ ಹೆಚ್ಚಿಗೆ ಬೇಕಾಗುತ್ತದೆ.

ಇನ್ನು ನೀರು. ನಮ್ಮ ಭಾಗದಲ್ಲಿ ಇದನ್ನೂ ಸಾಮಾನಿನ ಪಟ್ಟಿಯಲ್ಲೇ ಬರೆಯಬೇಕು. ಚೀಲಕ್ಕೆ 25 ಲೀಟರಿನಂತೆ ಕಲಸಲು 1,600 ಲೀಟರ್ ಹೋಗುತ್ತದೆ. ಅದು ಕಡಿಮೆಯೇ. ಸ್ಲ್ಯಾಬ್ ಮೇಲೆ ಒಡ್ಡು ಕಟ್ಟಿ ಎರಡು ಇಂಚು ನೀರು ನಿಲ್ಲಿಸಲು 2,800 ಲೀಟರ್ ಬೇಕು. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಇಂಚು ಆರಿದರೂ ಮತ್ತೆ 700 ಲೀಟರ್ ತುಂಬಬೇಕು. ಈಗ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಇಂಥ ಒಣ ಬಿಸಿಲಲ್ಲಿ 14 ದಿನವಾದರೂ ನೀರು ಬೇಕು. ಎಲ್ಲಾ ಸೇರಿ ಕ್ಯೂರಿಂಗಿಗೇ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲು ಹಸಿಯಾಗಿ ಇಡುವುದಕ್ಕೇ, ಸುಮಾರು 12,000 ಲೀಟರ್. ನಮ್ಮ ಬೋರಿನಲ್ಲಿ ಎಷ್ಟು ಬರುತ್ತದೆ ಅಂತ 200 ಲೀಟರಿನ ಬ್ಯಾರಲ್ ಇಟ್ಟು ಅಳೆದೆ. ಸಾಲದ್ದಕ್ಕೆ ಟ್ಯಾಂಕರ್‌ನವರಿಗೆ ಹೇಳಿ, ಅವರು ಒಪ್ಪಿದ ಮೇಲೆಯೇ ಸ್ಲ್ಯಾಬಿನ ದಿನ ಗೊತ್ತು ಮಾಡಿದೆ.