ಜರ್ಮನಿಯಲ್ಲಿ ನೆಲೆಯೂರಲು ಮೊದಲು ಬೇಕಾದದ್ದು ಒಂದು ವಿಳಾಸ

ಉದ್ಯೋಗದ ನಿಮಿತ್ತ ಜರ್ಮನಿಗೆ ಬಂದವರಿಗೆ ಮೊದಲ ವಾರಗಳಲ್ಲಿ ಹತ್ತಾರು ಕೆಲಸಗಳು ಒಟ್ಟಿಗೇ ಎದುರಾಗುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ನೋಂದಾಯಿತ ವಿಳಾಸವೆಂಬ ಒಂದೇ ಗೂಟಕ್ಕೆ ಕಟ್ಟಿಕೊಂಡಿವೆ ಎಂಬುದು ನನ್ನ ಅನುಭವ. ಮನೆ ಸೇರಿದ ಎರಡು ವಾರಗಳೊಳಗೆ ಸ್ಥಳೀಯ ಆಡಳಿತ ಕಚೇರಿಯಲ್ಲಿ ಅನ್ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಬೇಕೆಂದು ಇಲ್ಲಿಯ ಕಾನೂನು ಹೇಳುತ್ತದೆ. ಅದಕ್ಕೆ ಪಾಸ್‌ಪೋರ್ಟಿನ ಜೊತೆಗೆ ಮನೆ ಕೊಟ್ಟವರ ಪ್ರತ್ಯೇಕ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರೊಂದೇ ಸಾಲದು. ಆದ್ದರಿಂದ ತಾತ್ಕಾಲಿಕ ವಸತಿ ಹುಡುಕುವಾಗ ನಾನು ಬಾಡಿಗೆಗಿಂತ, ಕಚೇರಿಯ ದೂರಕ್ಕಿಂತ ಮೊದಲು ನೋಂದಣಿಗೆ ಅವಕಾಶವಿದೆಯೇ ಎಂದು ಕೇಳಿಕೊಳ್ಳುತ್ತಿದ್ದೆ. ಇಲ್ಲವೆಂದವರ ಮನೆ ಎಷ್ಟೇ ಅಗ್ಗವಾಗಿದ್ದರೂ ಕೈಬಿಟ್ಟೆ.

ನೋಂದಣಿಯಾದ ಮೇಲೆ 11 ಅಂಕಿಗಳ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ಉದ್ಯೋಗದಾತರಿಗೆ ತಲುಪದಿದ್ದರೆ ಸಂಬಳದಲ್ಲಿ ಆರನೆಯ ತೆರಿಗೆ ವರ್ಗದ, ಅಂದರೆ ಅತಿ ಹೆಚ್ಚಿನ, ಕಡಿತವಾಗುವ ಸಂಭವವಿದೆ. ಆ ಹಣ ಮುಂದೆ ಮರಳಿ ಬರಬಹುದಾದರೂ ಹೊಸ ಸಂಸಾರ ಹೂಡುವ ತಿಂಗಳಲ್ಲಿ ಕೈ ಬಿಗಿಯಾಗುತ್ತದೆ. ಇಲ್ಲಿನ ಎಷ್ಟೋ ವಸತಿ ಕಟ್ಟಡಗಳಲ್ಲಿ ಮನೆಮನೆಗೆ ಸಂಖ್ಯೆ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ, ಹೆಸರು ಕಾಣದಿದ್ದರೆ ವಾಪಸು ಕಳಿಸಿಬಿಡುತ್ತಾರೆ. ಹಾಗಾಗಿ ಬೀಗದ ಕೈ ಸಿಕ್ಕ ದಿನವೇ ನಾನು ಪಾಸ್‌ಪೋರ್ಟಿನಲ್ಲಿದ್ದ ಕಾಗುಣಿತದಲ್ಲೇ ಹೆಸರು ಬರೆದ ಚೀಟಿಯೊಂದನ್ನು ಅಂಚೆಪೆಟ್ಟಿಗೆಗೂ ಕರೆಗಂಟೆಯ ಫಲಕಕ್ಕೂ ಅಂಟಿಸಿದೆ. ಇನಿಷಿಯಲ್ಲುಗಳಲ್ಲೇ ಬದುಕು ಸಾಗಿಸಿದ ನಮ್ಮಂಥವರು ಯಾವ ಭಾಗವನ್ನು ಕುಲನಾಮವೆಂದು ಬರೆಸುತ್ತೇವೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು, ಬ್ಯಾಂಕು, ವಿಮೆ, ಕಚೇರಿ ಎಲ್ಲೆಡೆ ಅದನ್ನೇ ಕೊಡುವುದು ಒಳ್ಳೆಯದು.

ಆರೋಗ್ಯ ವಿಮೆ ಅಷ್ಟು ತಲೆನೋವಿನ ವಿಷಯವಲ್ಲ. ಸಾರ್ವಜನಿಕ ವಿಮೆಯ ಮೂಲ ದರ ವೇತನದ 14.6 ಶೇಕಡಾ, ಅದರಲ್ಲಿ ಅರ್ಧವನ್ನು ಉದ್ಯೋಗದಾತರೇ ಭರಿಸುತ್ತಾರೆ. ವಿಮಾ ಸಂಸ್ಥೆಯನ್ನು ಆರಿಸಿ ಹೇಳಿದರೆ ಉಳಿದದ್ದು ತಾನಾಗಿಯೇ ನಡೆಯುತ್ತದೆ.

ಕಾಯಂ ಮನೆ ಹುಡುಕುವಾಗ ಮಾತ್ರ ಜಾಹೀರಾತನ್ನು ಸಾಲುಸಾಲಾಗಿ ಓದಬೇಕು. ‘ಕಾಲ್ಟ್’ ಎಂದಿದ್ದರೆ ನೀರು, ಹೀಟಿಂಗ್‌ಗಳ ವೆಚ್ಚ ಸೇರದ ಬರೀ ಬಾಡಿಗೆ. ಮುಂಗಡ ಠೇವಣಿ ಇದರ ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ, ಅದನ್ನು ಮೂರು ಮಾಸಿಕ ಕಂತುಗಳಲ್ಲಿ ಕಟ್ಟುವ ಹಕ್ಕೂ ಬಾಡಿಗೆದಾರರಿಗಿದೆ. ನಾನು ಕಂತಿನಲ್ಲೇ ಕಟ್ಟಿದೆ. ಖಾಲಿ ಮನೆಯೆಂದರೆ ಕೆಲವೊಮ್ಮೆ ಅಡುಗೆಮನೆಯಲ್ಲಿ ಒಲೆ, ಸಿಂಕು, ಕಪಾಟು ಯಾವುದೂ ಇರದೆ ಗೋಡೆಯಿಂದ ಕೊಳವೆಗಳಷ್ಟೇ ಚಾಚಿಕೊಂಡಿರುತ್ತವೆ. ಮನೆ ಬಿಡುತ್ತಿರುವವರಿಂದಲೇ ಅವೆಲ್ಲವನ್ನೂ ಕೊಳ್ಳುವ ರೂಢಿ ಇಲ್ಲಿದೆ, ನಾನೂ ಹಾಗೆಯೇ ಮಾಡಿದೆ; ಹೊಸದನ್ನು ಕೂರಿಸುವ ಖರ್ಚಿಗೆ ಹೋಲಿಸಿದರೆ ಅದೇ ಲೇಸು.

ಕಾಗದಪತ್ರಗಳ ಗಡಿಬಿಡಿ ತಗ್ಗಿದೊಡನೆ ಸಂಜೆಯ ಜರ್ಮನ್ ತರಗತಿಗೆ ಸೇರಿದೆ. ಇಯು ಬ್ಲೂ ಕಾರ್ಡ್, ಅಂದರೆ ಹೊರದೇಶದ ಉನ್ನತ ಅರ್ಹತೆಯ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ, ಇರುವವರು ಇತರ ಷರತ್ತುಗಳನ್ನೂ ಪೂರೈಸಿ ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಕಲಿತರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು, ಎ1 ಎಂಬ ಆರಂಭಿಕ ಮಟ್ಟಕ್ಕೇ ನಿಂತರೆ 27 ತಿಂಗಳು ಕಾಯಬೇಕು. ಕಚೇರಿಯಲ್ಲಿ ಇಂಗ್ಲಿಷ್ ಸಾಕಾದರೂ ಬಾಗಿಲಿಗೆ ಬರುವ ಸರ್ಕಾರಿ ಕಾಗದಗಳೆಲ್ಲ ಜರ್ಮನ್ ಭಾಷೆಯವೇ ಆದ್ದರಿಂದ, ಪರವಾನಗಿಯ ಆಸೆ ಇಲ್ಲದವರೂ ತರಗತಿಯನ್ನು ಮುಂದೂಡಬಾರದೆಂದೇ ನಾನು ಹೇಳುತ್ತೇನೆ.